ನಡುಗಡ್ಡೆಯಲ್ಲಿ ನಿಂತ ನಮ್ಮ ದನಗಳು

ಮೂಡಲಗಿಯ ದನದ ಪೇಟೆಗೆ ನಾನು ಹೋದದ್ದು ಎಮ್ಮೆ ನೋಡಲು. ಈ ಪೇಟೆ ಎಂಥದೆಂದು ಗೋಕಾಕ, ಹುಕ್ಕೇರಿ, ರಾಯಬಾಗದ ಓದುಗರಿಗೆ ಹೇಳಬೇಕಾಗಿಲ್ಲ. ಬಿಸಿಲೇರುವ ಮೊದಲೇ ಗಾಡಿಗಳಿಂದ ದನ ಇಳಿದಿದ್ದವು. ದಲಾಲರು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಮಾತಾಡುತ್ತಿದ್ದರು. ಕೆಚ್ಚಲು ಮುಟ್ಟಿ ನೋಡುವವರು, ಬಾಯಿ ಬಿಡಿಸಿ ಹಲ್ಲು ಎಣಿಸುವವರು, ಕೊಳ್ಳುವ ಮನಸ್ಸಿಲ್ಲದೆ ಸುಮ್ಮನೆ ಬೆಲೆ ಕೇಳುತ್ತ ಹೋಗುವವರು, ಎಲ್ಲರೂ ಇದ್ದರು. ಎಮ್ಮೆಗಳ ಸಾಲು ದಾಟಿ ಎಚ್‌ಎಫ್ ಆಕಳುಗಳ ಕಡೆ ತಿರುಗಿದಾಗ ಬೇವಿನ ಗಿಡಕ್ಕೆ ಕಟ್ಟಿದ್ದ ಒಂದು ಹೋರಿ ಕಣ್ಣಿಗೆ ಬಿತ್ತು. ಆಮೇಲೆ ಎಮ್ಮೆಯ ನೆನಪೇ ಆಗಲಿಲ್ಲ.

ಬೂದು ಬಿಳುಪು ಮೈ. ಮುಂದಿನ ಮತ್ತು ಹಿಂದಿನ ಭಾಗಗಳಲ್ಲಿ ಬಣ್ಣ ಗಾಢವಾಗಿ ಕಪ್ಪಿಗೆ ತಿರುಗಿತ್ತು. ಹಣೆ ಎದ್ದು ಕಾಣುವಂತೆ ಉಬ್ಬಿತ್ತು. ಇಷ್ಟು ದೊಡ್ಡ ಮೈಗೆ ಇಷ್ಟು ಸಣ್ಣ, ಬಾಗಿದ ಕೋಡುಗಳೇ ಎನಿಸಿತು. ಕುತ್ತಿಗೆ ಗಿಡ್ಡ, ದಪ್ಪ; ಗಂಗೆದೊಗಲು ಜೋಲು ಬಿದ್ದಿತ್ತು. ಪಕ್ಕದಲ್ಲಿ ಪಟಗಾ ಸುತ್ತಿದ ಹಿರಿಯರೊಬ್ಬರು ಕುಕ್ಕರಗಾಲಲ್ಲಿ ಕೂತಿದ್ದರು.

“ಯಾವ ತಳೀದರಿ ಕಾಕಾ?”

“ಗುರ್ತು ಸಿಗಲಿಲ್ಲೇನ್ರಿ? ಕೃಷ್ಣಾ ತಳಿ. ನಮ್ಮಪ್ಪ ಇಂಥಾವು ನಾಕೆತ್ತ ಕಟ್ಟಿದ್ದ. ಎರಿ ಹೊಲದಾಗ ಇವುಗಳ ಸರಿಗಟ್ಟೋ ಎತ್ತ ಇರಲಿಲ್ಲ.”

“ಕೇಳಾಕ ಯಾರರ ಬಂದಿದ್ರ?”

“ಬರತಾರರಿ. ಇದರ ಅವ್ವ ಎಷ್ಟ ಹಾಲ ಕೊಡತಿತ್ತು ಅಂತ ಕೇಳತಾರ, ಹೋಗತಾರ.”

ಅವರೇ ಎದ್ದು ಹೋರಿಯ ಬಾಯಿ ಬಿಡಿಸಿ ತೋರಿಸಿದರು. ನಾಲ್ಕು ಹಲ್ಲಿನದು. ಕಿವಿಯಲ್ಲಿ ಹಳದಿ ಬಿಲ್ಲೆ, ಅದರ ಮೇಲೆ ಹನ್ನೆರಡು ಅಂಕಿ. “ದನದ ಆಧಾರ ಕಾರ್ಡರಿ ಅದು. ರೋಗ ಬಂದ ಸತ್ರ ರೊಕ್ಕ ಬರಬೇಕಂದ್ರ ಇದು ಬೇಕಂತ, ಡಾಕ್ಟರ್ ಬಡದ ಹೋಗ್ಯಾರ” ಎಂದರು.

ಕೃಷ್ಣಾ ತಳಿಯ ವಿಷಯ ಪುಸ್ತಕದಲ್ಲಿ ಓದಿದ್ದೆ, ಹಳೆಯ ಫೋಟೊ ನೋಡಿದ್ದೆ. ಜೀವಂತ ಹೋರಿಯ ಹಣೆ ಮುಟ್ಟಿದ್ದು ಅದೇ ಮೊದಲು. ಮನೆಗೆ ಬಂದವನು ಕೂಡಿಟ್ಟ ಪತ್ರಿಕೆ ತುಣುಕು, ಪಶುಸಂಗೋಪನೆಯ ಹಳೇ ಪುಸ್ತಕಗಳನ್ನೆಲ್ಲ ಹರವಿಕೊಂಡು ಕೂತೆ. ದನಗಳನ್ನು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ತರಿಸುವ ಕಾಯ್ದೆಗಳ ಕಥೆಯಲ್ಲಿ ನಮ್ಮ ಈ ಎರೆ ಭೂಮಿಯ ದನಕ್ಕೂ ಒಂದು ಜಾಗವಿದೆ ಎಂಬುದು ಅಲ್ಲಿ ಗೊತ್ತಾಯಿತು.

ಕೃಷ್ಣಾ ತಳಿ ತಾನಾಗಿ ಹುಟ್ಟಿದ್ದಲ್ಲ, ಬೆರಕೆಯಿಂದ ಕಟ್ಟಿದ್ದು. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಹರಿಯುವ ಸೀಮೆಯ ಜಿಗುಟು ಕರಿಮಣ್ಣಿಗೆ ಬಲವಾದ ಎತ್ತು ಬೇಕಾಗಿತ್ತು. ದಕ್ಷಿಣ ಮರಾಠಾ ಸೀಮೆಯ ಸಂಸ್ಥಾನಿಕರು 19ನೇ ಶತಮಾನದಲ್ಲಿ ಕಾಠಿಯಾವಾಡದ ಗಿರ್, ಆಂಧ್ರದ ಒಂಗೋಲ್, ಗುಜರಾತಿನ ಕಾಂಕ್ರೇಜ್ ಹೋರಿಗಳನ್ನು ತರಿಸಿ ಇಲ್ಲಿನ ಹಳ್ಳಿಕಾರ್ ಜಾತಿಯ ದನಗಳಿಗೆ ಕೂಡಿಸಿದರು. ಆ ದನಗಳು ನೂರಾರು ಮೈಲಿ ದೂರದಿಂದ ಸಂಸ್ಥಾನಗಳ ಗಡಿ ದಾಟಿ ಬಂದದ್ದು ಯಾವ ಆರೋಗ್ಯ ಪತ್ರವೂ ಇಲ್ಲದೆ.

ಅಷ್ಟರಲ್ಲಿ ಭಾರತದ ದನಗಳಿಗೆ ಸಮುದ್ರದಾಚೆಯಿಂದ ಬೇಡಿಕೆ ಬಂತು. ಅಮೆರಿಕದ ಟೆಕ್ಸಾಸ್‌ನಲ್ಲೂ ಬ್ರೆಜಿಲ್‌ನಲ್ಲೂ ಯುರೋಪಿನ ದನಗಳು ಬಿಸಿಲಿಗೆ ಬಾಡುತ್ತಿದ್ದವು, ಉಣ್ಣೆಗೆ ಸೊರಗುತ್ತಿದ್ದವು. ಅಮೆರಿಕದವರು ಇಂದು ‘ಬ್ರಾಹ್ಮನ್’ ಎಂದು ಕರೆಯುವ ತಳಿಯನ್ನು ಕಟ್ಟಿದ್ದು ಗುಜರಾತ್, ನೆಲ್ಲೂರು, ಗಿರ್ ಮತ್ತು ನಮ್ಮ ಕೃಷ್ಣಾ ತಳಿಗಳ ರಕ್ತದಿಂದ. 1854ರಿಂದ 1926ರವರೆಗೆ ಆ ದೇಶಕ್ಕೆ ಹೋದ ಭಾರತೀಯ ದನಗಳು 300ಕ್ಕೂ ಕಡಿಮೆ. ಅಷ್ಟರಿಂದಲೇ ಒಂದು ತಳಿ ಎದ್ದು ನಿಂತಿತು.

ನನ್ನನ್ನು ಹಿಡಿದು ಕೂರಿಸಿದ್ದು ಆ ಸಂಖ್ಯೆಯಲ್ಲ, ದನಗಳನ್ನು ಅವರು ಇಳಿಸಿಕೊಂಡ ಬಗೆ. 1906ರಲ್ಲಿ ಟೆಕ್ಸಾಸ್‌ನ ಪಿಯರ್ಸ್ ರಾಂಚಿನ ಎ.ಪಿ. ಬೋರ್ಡನ್ ಭಾರತಕ್ಕೆ ಬಂದು 51 ದನ ಕೊಂಡು ಹಡಗು ಹತ್ತಿಸಿದರು. ನ್ಯೂಯಾರ್ಕ್ ಮುಟ್ಟಿದಾಗ ಅಲ್ಲಿನ ಪಶುವೈದ್ಯರು ಅವನ್ನು ನೆಲಕ್ಕೆ ಬಿಡದೆ ಸೈಮನ್ಸನ್ ಎಂಬ ಸಣ್ಣ ನಡುಗಡ್ಡೆಯಲ್ಲಿ ಇರಿಸಿದರು. ರಕ್ತ ಪರೀಕ್ಷಿಸಿದಾಗ ಕೆಲವು ದನಗಳಲ್ಲಿ ಸರ್ರಾ ಕಾಣಿಸಿತು. ನೊಣ ಕಚ್ಚಿ ಹರಡುವ, ಕುದುರೆಗಳನ್ನು ಕೊಲ್ಲುವ ರೋಗ ಅದು. ಅಮೆರಿಕ ಅದನ್ನು ಕಂಡೇ ಇರಲಿಲ್ಲ. ರೋಗದ ದನಗಳನ್ನು ಅಲ್ಲೇ ಕೊಂದರು. ಟೆಕ್ಸಾಸ್ ಸೇರಿದ್ದು 33 ಮಾತ್ರ. ಸರ್ರಾ ನಡುಗಡ್ಡೆ ದಾಟಲಿಲ್ಲ.

ಬ್ರೆಜಿಲ್‌ನವರಿಗೆ ಆ ತಾಳ್ಮೆ ಇರಲಿಲ್ಲ. ಉಬೆರಾಬಾ ಊರಿನ ವ್ಯಾಪಾರಿಗಳು ಭಾರತದ ಹಳ್ಳಿ ಹಳ್ಳಿ ಅಲೆದು ದನ ಕೊಳ್ಳುತ್ತಿದ್ದರು. 1920ರಲ್ಲಿ ಹಾಗೆ ಬ್ರೆಜಿಲ್‌ಗೆ ಹೊರಟ ಭಾರತದ ದನಗಳು ದಾರಿಯಲ್ಲಿ ಬೆಲ್ಜಿಯಂನ ಆ್ಯಂಟ್‌ವರ್ಪ್ ಬಂದರಿನಲ್ಲಿ ಇಳಿದವು. ಜೊತೆಯಲ್ಲಿ ದೊಡ್ಡರೋಗವೂ (ರಿಂಡರ್‌ಪೆಸ್ಟ್) ಇಳಿಯಿತು. ಬಂದರಿನ ಬೇರೆ ದನಗಳಿಗೆ ತಗುಲಿ ಬೆಲ್ಜಿಯಂನ ಹಟ್ಟಿಗಳಿಗೆ ಹಬ್ಬಿತು. ಮರುವರ್ಷ ಬ್ರೆಜಿಲ್‌ನ ಸಾವೊ ಪೌಲೊದಲ್ಲೂ ಅದೇ ರೋಗ ಕಾಣಿಸಿ, ಆ ದೇಶ ಭಾರತದ ದನಗಳಿಗೆ ಬಾಗಿಲು ಹಾಕಿತು. ಗಾಬರಿಯಾದ ದೇಶಗಳು 1921ರಲ್ಲಿ ಪ್ಯಾರಿಸ್‌ನಲ್ಲಿ ಸಭೆ ಸೇರಿದವು. 1924ರ ಜನವರಿ 25ರಂದು 28 ದೇಶಗಳು ಸಹಿ ಹಾಕಿ ಒಂದು ಅಂತರರಾಷ್ಟ್ರೀಯ ಪಶುರೋಗ ಕಚೇರಿ ತೆರೆದವು. ಇಂದಿನ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಅದೇ. ಒಂದು ದೇಶದಲ್ಲಿ ರೋಗ ಬಂದರೆ ಉಳಿದವರಿಗೆ ತಕ್ಷಣ ತಿಳಿಸಬೇಕು, ದನ ಕಳಿಸುವವನು ಆರೋಗ್ಯ ಪತ್ರ ಕೊಡಬೇಕು ಎಂದು ಜಗತ್ತು ಇಂದು ಪಾಲಿಸುವ ನಿಯಮಗಳು ಅಲ್ಲಿಂದ ಬೆಳೆದವು. ಅದಕ್ಕೆ ಕಾರಣ ನಮ್ಮ ದೇಶದ ದನ ಎಂಬುದನ್ನು ನಮ್ಮ ಶಾಲೆಯ ಪಾಠಗಳಲ್ಲಿ ನಾನು ಎಲ್ಲೂ ಓದಲಿಲ್ಲ.

ಕೆಟ್ಟ ಮೇಲೆ ಬ್ರೆಜಿಲ್ ಬುದ್ಧಿ ಕಲಿಯಿತು. 1960ರ ದಶಕದ ಆರಂಭದಲ್ಲಿ ಕೊನೆಯ ದೊಡ್ಡ ಗುಂಪುಗಳನ್ನು ತರಿಸಿದಾಗ ಅವನ್ನು ಅಟ್ಲಾಂಟಿಕ್ ಸಾಗರದ ನಡುವಿನ ಫೆರ್ನಾಂಡೊ ಡಿ ನೊರೊನ್ಹಾ ದ್ವೀಪದಲ್ಲಿ ಕ್ವಾರಂಟೈನ್ ಇಟ್ಟಿತು. ಗಿರ್, ಒಂಗೋಲ್ ಹೋರಿಗಳು ಆ ದ್ವೀಪದ ಹುಲ್ಲು ಮೇಯ್ದು, ಪರೀಕ್ಷೆಯ ಮೇಲೆ ಪರೀಕ್ಷೆ ಮುಗಿಸಿ, ಆಮೇಲೆ ದಡ ಸೇರಿದವು. ಇಂದು ಬ್ರೆಜಿಲ್‌ನಲ್ಲಿ 20 ಕೋಟಿಗೂ ಹೆಚ್ಚು ದನಗಳಿವೆ, ಬಹುಪಾಲಿನಲ್ಲಿ ಭಾರತದ ರಕ್ತವಿದೆ. ಒಂಗೋಲ್ ವಂಶದ ನೆಲೋರ್ ಆಕಳೊಂದಕ್ಕೆ 2023ರಲ್ಲಿ ಅಲ್ಲಿ ಕಟ್ಟಿದ ಬೆಲೆ ನಮ್ಮ ಲೆಕ್ಕದಲ್ಲಿ ಸುಮಾರು 35 ಕೋಟಿ ರೂಪಾಯಿ. ಗಿರ್ ಹೋರಿಯ ವೀರ್ಯವನ್ನು ಈಗ ಬ್ರೆಜಿಲ್‌ನಿಂದ ನಾವೇ ತರಿಸಿಕೊಂಡಿದ್ದೇವೆ. ಓದಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು.

ನಮ್ಮ ದೇಶದ ಕಾಯ್ದೆ ಹಳೆಯದು. 1898ರ ಜಾನುವಾರು ಆಮದು ಕಾಯ್ದೆಯೇ ಇಂದಿಗೂ ಬುಡ. ಮೊದಲು ಅದು ಜೀವಂತ ಪ್ರಾಣಿಗಳಿಗಷ್ಟೇ ಇತ್ತು. 2001ರ ತಿದ್ದುಪಡಿಯಿಂದ ಮಾಂಸ, ಹಾಲು, ಮೊಟ್ಟೆ, ವೀರ್ಯದಂಥ ಪದಾರ್ಥಗಳೂ ಅದರಡಿ ಬಂದವು. ಮುಂಚಿತ ಪರವಾನಗಿ, ಕಳಿಸುವ ದೇಶದ ಸರ್ಕಾರಿ ಪಶುವೈದ್ಯರ ಪತ್ರ, ಗೊತ್ತುಪಡಿಸಿದ ಬಂದರು ಅಥವಾ ವಿಮಾನ ನಿಲ್ದಾಣದಲ್ಲಿ ತಪಾಸಣೆ, ಇವಿಷ್ಟು ಇಲ್ಲದೆ ಏನೂ ಒಳಬರುವಂತಿಲ್ಲ. ಇದರಲ್ಲಿ ಎರಡು ಜಗಳಗಳ ಬಗ್ಗೆ ನನ್ನ ಮಾತು ಹೇಳಿಬಿಡುತ್ತೇನೆ. ಹಾಲಿನ ಪದಾರ್ಥ ಕಳಿಸುವ ದೇಶ, ಆ ಆಕಳುಗಳಿಗೆ ದನದ ಮಾಂಸ, ರಕ್ತ, ಅಂಗಾಂಗಗಳಿಂದ ಮಾಡಿದ ಮೇವು ತಿನ್ನಿಸಿಲ್ಲ ಎಂದು ಬರೆದುಕೊಡಬೇಕು ಎನ್ನುತ್ತದೆ ಭಾರತ. ಅಮೆರಿಕಕ್ಕೆ ಇದರ ಮೇಲೆ ಸಿಟ್ಟು. ಬ್ರಿಟನ್ನಿನಲ್ಲಿ 1986ರಲ್ಲಿ ಪತ್ತೆಯಾದ ಹುಚ್ಚು ಹಸು ರೋಗ ಹರಡಿದ್ದು ಅಂಥ ಮೇವಿನಿಂದಲೇ. ಹಾಗಾಗಿ ಈ ಷರತ್ತು ಬರೀ ದೇವರ ಮನೆಯ ಮಡಿಗೆ ಸಂಬಂಧಿಸಿದ್ದಲ್ಲ. ಭಾರತ ಅದನ್ನು ಬಿಡಬಾರದು. ಇನ್ನೊಂದು ಕೋಳಿಯದು. ಹಕ್ಕಿಜ್ವರ ಕಂಡ ದೇಶದ ಕೋಳಿಯನ್ನು ಪೂರ್ತಿ ನಿಷೇಧಿಸಿದ್ದ ನಮ್ಮ ನಿಯಮ ಸರಿಯಲ್ಲ, ರೋಗ ಬಂದ ಪ್ರದೇಶವನ್ನಷ್ಟೇ ನೋಡಬೇಕು ಎಂದು 2015ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ತೀರ್ಪು ಕೊಟ್ಟಿತು. ಅಲ್ಲಿ ಅಮೆರಿಕದ ವಾದದಲ್ಲಿ ನ್ಯಾಯವಿತ್ತು. ರಾಯಬಾಗದಲ್ಲಿ ರೋಗ ಬಂತೆಂದು ಚಾಮರಾಜನಗರದ ಕೋಳಿಯನ್ನು ಯಾರಾದರೂ ಬೇಡವೆಂದರೆ ನಾವೂ ಒಪ್ಪುವುದಿಲ್ಲ.

ದೇಶದ ಬಾಗಿಲಲ್ಲಿ ಇಷ್ಟೆಲ್ಲ ಕಾವಲಿದ್ದರೂ 2019ರಲ್ಲಿ ಚರ್ಮಗಂಟು ರೋಗ ಒಳಗೆ ಬಂತು. ಮೊದಲು ಕಂಡದ್ದು ಒಡಿಶಾದಲ್ಲಿ. 2022ರ ಹೊತ್ತಿಗೆ ಅದು ಬೆಳಗಾವಿ ಜಿಲ್ಲೆಯ ಹಟ್ಟಿಗಳಲ್ಲಿತ್ತು. ಮೈತುಂಬ ಗಂಟೆದ್ದು, ಕಾಲು ಬಾತು, ಮೇವು ಬಿಟ್ಟು ನಿಂತ ಎತ್ತುಗಳನ್ನು ಕಂಡವರು ಮರೆತಿಲ್ಲ. ಸಂತೆ, ಜಾತ್ರೆ, ದನದ ಸಾಗಣೆ ನಿಂತವು. ಸತ್ತ ಆಕಳಿಗೆ 20 ಸಾವಿರ, ಎತ್ತಿಗೆ 30 ಸಾವಿರ, ಕರುವಿಗೆ 5 ಸಾವಿರ ರೂಪಾಯಿಯೆಂದು ಸರ್ಕಾರ ಪರಿಹಾರ ಗೊತ್ತುಮಾಡಿತು.

ನಮ್ಮ ಜಿಲ್ಲೆಗೆ ಮಹಾರಾಷ್ಟ್ರದ ಗಡಿ ಉದ್ದಕ್ಕೂ ಇದೆ. ಖಿಲಾರಿ ಎತ್ತು ಆ ಕಡೆಯಿಂದ ಬರುತ್ತವೆ. ನಮ್ಮ ಎಮ್ಮೆ ಆ ಕಡೆ ಹೋಗುತ್ತವೆ. ಚಿಂಚಲಿ ಮಾಯಕ್ಕನ ಜಾತ್ರೆಗೆ ಎರಡೂ ರಾಜ್ಯದ ಗಾಡಿಗಳು ಬರುತ್ತವೆ. ಇದನ್ನು ನಿಲ್ಲಿಸಬೇಕೆಂದು ನಾನು ಹೇಳಲಾರೆ. ದನದ ಓಡಾಟವಿಲ್ಲದಿದ್ದರೆ ಕೃಷ್ಣಾ ತಳಿಯೇ ಹುಟ್ಟುತ್ತಿರಲಿಲ್ಲ. ಸಾಂಕ್ರಾಮಿಕ ಪಶುರೋಗ ತಡೆಯುವ 2009ರ ಕೇಂದ್ರ ಕಾಯ್ದೆಯಲ್ಲಿ ತಪಾಸಣಾ ಠಾಣೆಗೂ ಕ್ವಾರಂಟೈನ್ ಶಿಬಿರಕ್ಕೂ ಅವಕಾಶವಿದೆ. ರೋಗ ಬಂದಾಗ ನೆನಪಾಗುವ ಈ ಕಾಯ್ದೆ ರೋಗವಿಲ್ಲದ ದಿನ ಮೂಲೆ ಸೇರುತ್ತದೆ. ಮೂಡಲಗಿಯಂಥ ದೊಡ್ಡ ಪೇಟೆಯಲ್ಲಿ ಪೇಟೆಯ ದಿನ ಒಬ್ಬ ಪಶುವೈದ್ಯರು ಕೂರಬೇಕು. ಕಿವಿಯ ಬಿಲ್ಲೆಯ ನಂಬರಿನಿಂದ ಲಸಿಕೆಯ ದಾಖಲೆ ತೆಗೆದು ಕೊಳ್ಳುವವನಿಗೆ ತೋರಿಸಬೇಕು. ರೋಗದ ಗುರುತಿರುವ ದನಕ್ಕೆ ಪೇಟೆಯ ಹೊರಗೆ ಬೇರೆ ಕಟ್ಟುವ ಜಾಗ ಬೇಕು. ಪೇಟೆಯ ಕರ ವಸೂಲಿಗೆ ಇರುವ ಕಾಳಜಿ ಇದಕ್ಕೂ ಇರಲಿ ಎಂದು ಕೇಳುವುದು ದೊಡ್ಡ ಬೇಡಿಕೆಯಲ್ಲ.

ದೊಡ್ಡರೋಗವನ್ನು ನಾವು ಗೆದ್ದದ್ದು ಇಂಥ ಸಣ್ಣ ಕೆಲಸಗಳಿಂದ. 1954ರಲ್ಲಿ ದೇಶದಲ್ಲಿ ಅದರ ನಿರ್ಮೂಲನ ಕಾರ್ಯಕ್ರಮ ಶುರುವಾಯಿತು. ಲಸಿಕೆಯ ಪೆಟ್ಟಿಗೆ ಹೊತ್ತ ಕಾಂಪೌಂಡರುಗಳು ಹಟ್ಟಿಯಿಂದ ಹಟ್ಟಿಗೆ ತಿರುಗಿದರು. ಭಾರತದಲ್ಲಿ ಕೊನೆಯ ಸಲ ಅದು ಕಂಡದ್ದು 1995ರಲ್ಲಿ. 2011ರಲ್ಲಿ ಇಡೀ ಜಗತ್ತು ಅದರಿಂದ ಮುಕ್ತವಾಯಿತು.

ಓದುಗ ರೈತರಲ್ಲಿ ನನ್ನ ವಿನಂತಿ ಇಷ್ಟು. ಪೇಟೆಯಿಂದ ತಂದ ದನವನ್ನು ಅದೇ ಸಂಜೆ ಮನೆಯ ದನಗಳ ಗ್ವಾದಲಿಗೆ ಕಟ್ಟಬೇಡಿ. ಕನಿಷ್ಠ ಮೂರು ವಾರ ಬೇರೆ ಕಡೆ ಕಟ್ಟಿ. ನೀರಿನ ಬಕೆಟ್ಟು, ಮೇವಿನ ಬುಟ್ಟಿ ಬೇರೆ ಇರಲಿ. ಮನೆಯ ದನಗಳ ಕೆಲಸ ಮುಗಿಸಿಯೇ ಅದರ ಹತ್ತಿರ ಹೋಗಿ. ಜ್ವರ, ಜೊಲ್ಲು, ಗಂಟು ಕಂಡರೆ ಪಶು ಆಸ್ಪತ್ರೆಗೆ ಅದೇ ದಿನ ತಿಳಿಸಿ. ಮತ್ತೆ, ನಿಮ್ಮ ಊರಿನಲ್ಲಿ ಕೃಷ್ಣಾ ತಳಿಯ ಹೋರಿಯೋ ಆಕಳೋ ಉಳಿದಿದ್ದರೆ ಮಾರುವ ಮೊದಲು ಪಶುವೈದ್ಯರಿಗೆ ತೋರಿಸಿ, ಅದೇ ತಳಿಗೆ ಕೂಡಿಸಿ ಒಂದು ಕರುವನ್ನಾದರೂ ಪಡೆಯಿರಿ.