ಕಂಚುಕಿಯ ಪ್ರಶ್ನೆ

ಭಾರತ ಹುಣ್ಣಿಮೆ ಸಮೀಪಿಸಿತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಜನ ಸವದತ್ತಿಯ ದಾರಿ ಹಿಡಿಯುತ್ತಾರೆ. ಎಲ್ಲಮ್ಮನ ಗುಡ್ಡದ ಆ ಜನಸಂದಣಿಯಲ್ಲಿ ಸೀರೆಯುಟ್ಟು, ಹಣೆತುಂಬ ಭಂಡಾರ ಹಚ್ಚಿ, ತಲೆಯ ಮೇಲೆ ಜಗವನ್ನು ಹೊತ್ತು, ಚೌಡಿಕೆಯ ನಾದಕ್ಕೆ ಹಾಡುತ್ತ ನಡೆಯುವ ಜೋಗಪ್ಪಗಳನ್ನು ಕಾಣದವರು ಈ ಸೀಮೆಯಲ್ಲಿ ವಿರಳ. ಗಂಡಾಗಿ ಹುಟ್ಟಿ ಹೆಣ್ಣಿನ ಬಾಳನ್ನು ಹಿಡಿದ ಇವರನ್ನು ದೇವಿಯೇ ಕರೆದಳೆಂಬುದು ನಂಬಿಗೆ. ಹಾದಿಯಲ್ಲಿ ಸಿಕ್ಕ ಗೃಹಿಣಿ ಅವರ ಕಾಲಿಗೆರಗುತ್ತಾಳೆ, ಅವರ ಕೈಯಿಂದ ಭಂಡಾರ ಹಚ್ಚಿಸಿಕೊಳ್ಳುತ್ತಾಳೆ.

ಕ್ರೈಸ್ತ ಸಭೆಗಳ ವಿಷಯವಾಗಿ ಮಾತನಾಡಲು ಹೊರಟವನು ಎಲ್ಲಮ್ಮನ ಗುಡ್ಡದಿಂದ ತೊಡಗುವುದು ವಿಚಿತ್ರವೆನಿಸಬಹುದು. ಆದರೆ ಲೈಂಗಿಕ ಅಲ್ಪಸಂಖ್ಯಾತರನ್ನು, ಅವರಿಗೆ ದೇವರು ಕೊಟ್ಟ ವರಗಳನ್ನು, ಇಗರ್ಜಿಗಳು ಹೇಗೆ ಬರಮಾಡಿಕೊಳ್ಳಬೇಕೆಂಬ ಪ್ರಶ್ನೆ ಜಗತ್ತಿನಲ್ಲೆಲ್ಲ ಎದ್ದಿದೆ. ಇದು ಪರದೇಶದಿಂದ ಬಂದ ಪ್ರಶ್ನೆ, ನಮ್ಮ ನೆಲದ್ದಲ್ಲ ಎಂದು ಹೇಳುವವರು ಬಹಳ. ಬೆಳಗಾವಿಯಲ್ಲಿ ಲಂಡನ್ ಮಿಷನ್ನಿನವರು ಕೆಲಸ ಆರಂಭಿಸಿದ್ದು 1820ರಲ್ಲಿ. ಅದಕ್ಕೂ ಬಹು ಹಿಂದಿನಿಂದ ಈ ನೆಲ ಇಂಥವರನ್ನು ಬಲ್ಲದು. ಅವರಲ್ಲಿ ಒಂದು ವರವಿದೆಯೆಂಬುದನ್ನೂ ಬಲ್ಲದು.

ಇನ್ನು ಬೈಬಲನ್ನು ನೋಡೋಣ. ಅಪೊಸ್ತಲರ ಕೃತ್ಯಗಳ ಎಂಟನೆಯ ಅಧ್ಯಾಯದಲ್ಲಿ ಒಬ್ಬ ಪ್ರಯಾಣಿಕ ಬರುತ್ತಾನೆ. ಐಥಿಯೋಪ್ಯದ ರಾಣಿಯ ಭಂಡಾರವನ್ನು ನೋಡಿಕೊಳ್ಳುವ ದೊಡ್ಡ ಅಧಿಕಾರಿ. ಕನ್ನಡ ಬೈಬಲು ಅವನನ್ನು ಕಂಚುಕಿ ಎಂದು ಕರೆಯುತ್ತದೆ. ಸಂಸ್ಕೃತ ನಾಟಕಗಳನ್ನು ಓದಿದವರಿಗೆ ಕಂಚುಕಿಯೆಂದರೆ ಕೋಲೂರಿಕೊಂಡು ಅಂತಃಪುರದಲ್ಲಿ ಓಡಾಡುವ ಮುದುಕ ನೆನಪಾಗುತ್ತಾನೆ. ಅನುವಾದಕರ ಸೌಜನ್ಯ ಅದು. ಮೂಲದ ಗ್ರೀಕ್ ಪದಕ್ಕೆ ಪುಂಸ್ತ್ವ ಕಳೆದುಕೊಂಡವನು ಎಂಬ ನೇರವಾದ ಅರ್ಥವಿದೆ. ಅಂಥವನು ದೇವಜನರ ಸಭೆಯಲ್ಲಿ ಸೇರಕೂಡದೆಂದು ಧರ್ಮೋಪದೇಶಕಾಂಡ ವಿಧಿಸಿತ್ತು. ಆದರೂ ಅವನು ಯೆರೂಸಲೇಮಿಗೆ ಆರಾಧನೆಗೆಂದು ಹೋಗಿದ್ದ. ರಥದಲ್ಲಿ ಹಿಂದಿರುಗುತ್ತ ಅವನು ಓದುತ್ತಿದ್ದುದು ಯೆಶಾಯನ ಗ್ರಂಥವನ್ನು. ಓದುತ್ತಿದ್ದ ಭಾಗದಿಂದ ಮೂರು ಅಧ್ಯಾಯ ಮುಂದೆ ಹೋಗಿದ್ದರೆ, ಗಂಡುಹೆಣ್ಣು ಮಕ್ಕಳಿಗಿಂತ ಮಿಗಿಲಾದ ಹೆಸರನ್ನು ನಪುಂಸಕರಿಗೆ ನನ್ನ ಆಲಯದಲ್ಲಿ ಕೊಡುವೆನೆಂದು ದೇವರು ಹೇಳುವ ಮಾತು ಅವನಿಗೆ ಸಿಗುತ್ತಿತ್ತು.

ಗಾಜಾದ ದಾರಿಯಲ್ಲಿ ಫಿಲಿಪ್ಪನು ರಥವೇರಿ ಅವನಿಗೆ ಅರ್ಥ ಬಿಡಿಸಿ ಹೇಳುತ್ತಾನೆ. ನೀರು ಕಂಡೊಡನೆ ಕಂಚುಕಿ ಕೇಳುವುದು ಒಂದೇ ಪ್ರಶ್ನೆ: ದೀಕ್ಷಾಸ್ನಾನಕ್ಕೆ ಅಡ್ಡಿಯೇನು? ಬಾಳೆಲ್ಲ ಅಡ್ಡಿಗಳನ್ನೇ ಕಂಡವನ ಪ್ರಶ್ನೆ ಅದು. ಫಿಲಿಪ್ಪನು ಅವನೊಡನೆ ನೀರಿಗಿಳಿಯುತ್ತಾನೆ. ತನ್ನ ನಾಡಿಗೆ ಆ ಸುವಾರ್ತೆಯನ್ನು ಮೊದಲು ಒಯ್ದವನು ಅವನೇ ಎಂದು ಪ್ರಾಚೀನ ಸಭೆಯ ಸಂಪ್ರದಾಯ ಹೇಳುತ್ತದೆ. ಒಳಗೆ ಬಂದವನು ಹೊರುವವನೂ ಆದ. ಅಂದಿನ ಕಂಚುಕಿಯೂ ಇಂದಿನ ಲಿಂಗಪರಿವರ್ತಿತರೂ ಸಮಲಿಂಗ ಪ್ರೇಮಿಗಳೂ ಒಂದೇ ಎಂದು ನಾನು ಹೇಳುತ್ತಿಲ್ಲ. ಬಾಗಿಲಲ್ಲಿ ನಿಂತವನ ಪ್ರಶ್ನೆ ಮಾತ್ರ ಒಂದೇ.

ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯಲ್ಲಿ ವರಗಳ ವಿಚಾರ ಬರುತ್ತದೆ. ಬೋಧನೆ, ವಿವೇಕ, ರೋಗ ವಾಸಿಮಾಡುವ ಶಕ್ತಿ, ಇವನ್ನೆಲ್ಲ ಪವಿತ್ರಾತ್ಮನು ತನ್ನ ಇಷ್ಟದಂತೆ ಹಂಚುತ್ತಾನೆ. ಸಭೆ ಒಂದು ದೇಹ, ದುರ್ಬಲವೆಂದು ತೋರುವ ಅಂಗವೇ ಅದಕ್ಕೆ ಅಗತ್ಯ ಎಂದು ಅವನ ವಾದ. ಗಲಾತ್ಯದವರಿಗೆ ಬರೆಯುವಾಗ, ಕ್ರಿಸ್ತನಲ್ಲಿ ಗಂಡುಹೆಣ್ಣೆಂಬ ಭೇದವೇ ಇಲ್ಲವೆನ್ನುತ್ತಾನೆ. ಆ ಭೇದ ದೇಹದ್ದು, ಆತ್ಮದ್ದಲ್ಲ ಎಂದ ಜೇಡರ ದಾಸಿಮಯ್ಯನನ್ನು ಓದಿದ ಕನ್ನಡಿಗರಿಗೆ ಈ ಮಾತು ಅಪರಿಚಿತವಲ್ಲ.

ಆದರೆ ಸಭೆಗಳ ನಡೆ ಶಾಸ್ತ್ರದಷ್ಟು ಸರಳವಾಗಿಲ್ಲ. ಸಮಲಿಂಗ ಸಂಬಂಧ ಅಪರಾಧವಲ್ಲವೆಂದು ದೆಹಲಿ ಹೈಕೋರ್ಟು 2009ರಲ್ಲಿ ತೀರ್ಪಿತ್ತಾಗ, ಅದರ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲಿ ಕ್ರೈಸ್ತ ಒಕ್ಕೂಟಗಳೂ ಇದ್ದವು. 2013ರಲ್ಲಿ ಆ ತೀರ್ಪು ರದ್ದಾದಾಗ, ಇಂಥವರನ್ನು ಅಪರಾಧಿಗಳೆಂದು ಕಾಣುವುದು ಸಲ್ಲದೆಂದು ಹೇಳಿದವರು ಮುಂಬಯಿಯ ಕಾರ್ಡಿನಲ್ ಆಸ್ವಾಲ್ಡ್ ಗ್ರೇಸಿಯಸ್. ಸುಪ್ರೀಂ ಕೋರ್ಟು 2014ರಲ್ಲಿ ತೃತೀಯ ಲಿಂಗಕ್ಕೆ ಮಾನ್ಯತೆ ಕೊಟ್ಟಿತು, 2018ರಲ್ಲಿ ಸಮಲಿಂಗ ಪ್ರೇಮವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. 2023ರ ಅಕ್ಟೋಬರಿನಲ್ಲಿ ವ್ಯಾಟಿಕನ್, ಲಿಂಗಪರಿವರ್ತಿತರು ದೀಕ್ಷಾಸ್ನಾನ ಪಡೆಯಬಹುದು, ಕೆಲವು ನಿಬಂಧನೆಗಳೊಡನೆ ಜ್ಞಾನಪೋಷಕರೂ ಆಗಬಹುದು ಎಂದು ಉತ್ತರಿಸಿತು; ವಿವಾಹದ ಬೋಧನೆಯನ್ನು ಮಾತ್ರ ಬದಲಿಸಲಿಲ್ಲ. ತಮಿಳುನಾಡಿನಲ್ಲಿ ಭಾರತಿ ಎಂಬ ಲಿಂಗಪರಿವರ್ತಿತ ಮಹಿಳೆ ಸಭಾಪಾಲಕಿಯೇ ಆಗಿದ್ದಾರೆ. ಆದರೂ ನಮ್ಮ ಬಹುಪಾಲು ಸಭೆಗಳಲ್ಲಿ ಇಂದಿಗೂ ಮೌನವೇ ನಿಯಮ. ಗಾಯನವೃಂದದಲ್ಲಿ ಇಂಪಾಗಿ ಹಾಡುವ ಹುಡುಗ, ತಾನು ಯಾರೆಂಬುದನ್ನು ಮುಚ್ಚಿಡುವವರೆಗೆ ಮಾತ್ರ ಅಲ್ಲಿ ಹಾಡಬಲ್ಲ.

ಇಲ್ಲಿ ಜೋಗಪ್ಪಗಳ ಕಡೆಗೆ ಮತ್ತೆ ತಿರುಗಬೇಕು. ಅವರ ಕಥೆಯಲ್ಲಿ ಆದರ್ಶವಿರುವಷ್ಟೇ ಎಚ್ಚರಿಕೆಯೂ ಇದೆ. ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅದಕ್ಕೂ ಮುಂಚೆ ಅವರು ಮನೆ ತೊರೆದಿದ್ದರು, ಭಿಕ್ಷೆ ಬೇಡಿದ್ದರು. ‘ನಡುವೆ ಸುಳಿವ ಹೆಣ್ಣು’ ಎಂಬ ಅವರ ಆತ್ಮಕಥೆಯನ್ನು ಓದಿದವರು ಇದನ್ನು ಬಲ್ಲರು. ನಮ್ಮ ಸಮಾಜ ಜೋಗಪ್ಪನ ವರಕ್ಕೆ ಕೈಮುಗಿಯಿತು, ಆದರೆ ಅದೇ ವ್ಯಕ್ತಿ ಮಗನಾಗಿ ಮನೆಯಲ್ಲಿದ್ದಾಗ ಪಂಕ್ತಿಯಿಂದ ಎಬ್ಬಿಸಿತು. ಹುಣ್ಣಿಮೆಗೆ ಪೂಜ್ಯ, ಉಳಿದ ದಿನಗಳಿಗೆ ಪರಕೀಯ.

ಇಗರ್ಜಿಗಳ ತಪ್ಪು ಇದರ ಮಗ್ಗುಲಿನದು. ನಿನ್ನ ಮೇಲೆ ಕನಿಕರವಿದೆ, ಹಿಂದಿನ ಸಾಲಿನಲ್ಲಿ ಕುಳಿತುಕೋ, ನಿನ್ನ ವರ ಮಾತ್ರ ಬೇಡ ಎನ್ನುವುದು ಅವುಗಳ ರೀತಿ. ಒಂದು ಕಡೆ ವ್ಯಕ್ತಿಯಿಲ್ಲದ ವರ, ಇನ್ನೊಂದು ಕಡೆ ವರವಿಲ್ಲದ ವ್ಯಕ್ತಿ. ಎರಡರಲ್ಲೂ ಮನುಷ್ಯ ಅರ್ಧವಾಗುತ್ತಾನೆ. ಸ್ವಾಗತವೆಂದರೆ ಅವನನ್ನು ಇಡಿಯಾಗಿ ಬರಮಾಡಿಕೊಳ್ಳುವುದು: ಪ್ರಭುಭೋಜನದ ಮೇಜಿನಲ್ಲಿ ಪಾಲು, ಪ್ರಾರ್ಥನೆ ನಡೆಸುವ ಅವಕಾಶ, ಕಾಯಿಲೆಯಲ್ಲಿ ವಿಚಾರಿಸುವ ಮಂದಿ, ಸತ್ತರೆ ಸಭೆಯ ಸ್ಮಶಾನದಲ್ಲಿ ತನ್ನ ಹೆಸರಿನ ಕಲ್ಲು.

ಘಟಪ್ರಭೆಯ ದಂಡೆಯ ಈ ಊರುಗಳಲ್ಲಿ ಕ್ರೈಸ್ತರು ಕೆಲವೇ ಮಂದಿ. ಸಣ್ಣ ಸಭೆಯಲ್ಲಿ ಒಬ್ಬನು ಹೊರಗುಳಿದರೂ ಅವನ ಜಾಗ ಖಾಲಿಯಾಗಿ ಕಾಣುತ್ತದೆ. ಇಗೋ ನೀರು, ಅಡ್ಡಿಯೇನು ಎಂದು ಅವನು ಕೇಳುತ್ತಿದ್ದಾನೆ. ಫಿಲಿಪ್ಪನು ಆ ಪ್ರಶ್ನೆಗೆ ವಾದ ಹೂಡಲಿಲ್ಲ; ರಥದಿಂದ ಇಳಿದು ಅವನೊಡನೆ ನೀರಿಗೆ ನಡೆದ.

(ಬಾನುಲಿ ಭಾಷಣ)