ಎತ್ತಿಡಬಹುದಾದ ಬೆಟ್ಟ

ಮಾದರಿ ರೈಲುದಾರಿ ಕಟ್ಟಿದವರನ್ನು ಕೇಳಿ ನೋಡಿ. ಅವರ ಪುಟ್ಟ ರೈಲು ಕೈಕೊಡುವುದು ಬಹುಮಟ್ಟಿಗೆ ಸುರಂಗದೊಳಗೇ. ಇದಕ್ಕೆ ಹಣೆಬರಹವನ್ನು ದೂರಬೇಕಾಗಿಲ್ಲ. ಕಣ್ಣೆದುರಿನ ಹಳಿಯನ್ನು ನಾವು ಆಗಾಗ ಒರೆಸುತ್ತೇವೆ, ಎರಡು ಹಳಿ ಸೇರುವ ಕಡೆ ಕೊಂಚ ಏರುಪೇರಾದರೂ ಕಂಡುಹಿಡಿದು ಸರಿಮಾಡುತ್ತೇವೆ. ಬೆಟ್ಟದ ಹೊಟ್ಟೆಯೊಳಗಿನ ಹಳಿಗೆ ಆ ಆರೈಕೆ ಇಲ್ಲ. ಅಲ್ಲಿ ದೂಳು ಕೂತು, ಲೋಹದ ಮೇಲೆ ಕಪ್ಪು ಪದರ ಬೆಳೆದು, ಹಳಿಯಿಂದ ಚಕ್ರಕ್ಕೆ ವಿದ್ಯುತ್ ಸರಿಯಾಗಿ ಹರಿಯದೆ ಎಂಜಿನ್ ತಡವರಿಸುತ್ತದೆ. ಸಾಲದ್ದಕ್ಕೆ, ಕೋಣೆಯ ಮೂಲೆಯ ಬಿಗಿ ತಿರುವು ನೋಡಲು ಚೆನ್ನಾಗಿರುವುದಿಲ್ಲವೆಂದು ಅದನ್ನೇ ಸುರಂಗದಲ್ಲಿ ಮುಚ್ಚುವುದು ಈ ಹವ್ಯಾಸದ ಹಳೇ ರೂಢಿ. ಬೋಗಿ ಹಳಿ ತಪ್ಪುವ ಸಂಭವ ಹೆಚ್ಚಿರುವುದೂ ಬಿಗಿ ತಿರುವಿನಲ್ಲೇ. ತೊಂದರೆ ಕೊಡುವ ಜಾಗವನ್ನು ಹುಡುಕಿ ಅದರ ಮೇಲೇ ಬೆಟ್ಟ ಹೇರಿದಂತಾಗುತ್ತದೆ.

ಹಾಗಾಗಿ ಬೆಟ್ಟ ಕಟ್ಟುವ ಮೊದಲೇ ಒಂದು ಷರತ್ತು ಹಾಕಿಕೊಳ್ಳಬೇಕು. ಅದನ್ನು ಒಬ್ಬರೇ, ಎರಡು ಕೈಯಲ್ಲಿ, ಒಂದು ಮರವೂ ಮುರಿಯದಂತೆ ಎತ್ತಿ ಪಕ್ಕಕ್ಕಿಡಲು ಬರಬೇಕು. ಯಾವ ವಸ್ತು, ಎಷ್ಟು ದಪ್ಪ, ಎಲ್ಲಿ ಕೂರಬೇಕು, ಸಂದು ಎಲ್ಲಿ ಬರಬೇಕು ಎಂಬುದೆಲ್ಲ ಈ ಷರತ್ತಿನಿಂದಲೇ ತೀರ್ಮಾನವಾಗುತ್ತದೆ. ಪ್ರತಿಯೊಂದರ ಹಿಂದೆಯೂ ಒಳ್ಳೆಯ ಭೌತವಿಜ್ಞಾನವಿದೆ.

ಈ ಹವ್ಯಾಸ ಬೇರುಬಿಟ್ಟದ್ದು ಬ್ರಿಟನ್, ಜರ್ಮನಿ, ಅಮೆರಿಕಗಳಲ್ಲಿ. ಅಲ್ಲಿನ ಹಳೆಯ ಪದ್ಧತಿಯಲ್ಲಿ ಬೆಟ್ಟವೆಂದರೆ ಪ್ಲಾಸ್ಟರ್. ಮರದ ಚೌಕಟ್ಟಿನ ಮೇಲೆ ತಂತಿಬಲೆ ಹೊದಿಸಿ ಅದರ ಮೇಲೆ ಮೆತ್ತುತ್ತಿದ್ದರು. ಅಮೆರಿಕದ ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆಯ ಸಂಪಾದಕರಾಗಿದ್ದ ಲಿನ್ ವೆಸ್ಟ್‌ಕಾಟ್ ಆ ಭಾರ ಇಳಿಸುವ ಒಂದು ದಾರಿಯನ್ನು ಜನಪ್ರಿಯಗೊಳಿಸಿದರು. ಮುದುಡಿದ ಸುದ್ದಿಪತ್ರಿಕೆಗಳ ಗುಡ್ಡೆಯ ಮೇಲೆ, ಗಟ್ಟಿ ಪ್ಲಾಸ್ಟರಿನಲ್ಲಿ ಅದ್ದಿದ ಕಾಗದದ ಟವೆಲ್‌ಗಳನ್ನು ಹೊದಿಸುವುದು, ಬಿಗಿದ ಮೇಲೆ ಒಳಗಿನ ಪತ್ರಿಕೆಗಳನ್ನು ಕಿತ್ತು ಚಿಪ್ಪನ್ನಷ್ಟೇ ಉಳಿಸಿಕೊಳ್ಳುವುದು. ಪ್ಲಾಸ್ಟರ್ ಸವರಿದ ಬ್ಯಾಂಡೇಜ್ ಬಟ್ಟೆಯೂ ಇದೇ ಕೆಲಸಕ್ಕೆ ಬಂತು. ಮುರಿದ ಮೂಳೆ ಕಟ್ಟಲು ಡಚ್ ಸೇನೆಯ ವೈದ್ಯ ಆಂಟೋನಿಯಸ್ ಮಥೈಸೆನ್ 1851ರಲ್ಲಿ ರೂಪಿಸಿದ ಬ್ಯಾಂಡೇಜೇ ಇದರ ಮೂಲ.

ಪ್ಲಾಸ್ಟರ್ ಪುಡಿ ಎಂದರೆ ಜಿಪ್ಸಂ ಕಲ್ಲನ್ನು ಕಾಯಿಸಿ, ಅದರ ಹರಳಿನಲ್ಲಿರುವ ನೀರಿನ ಮುಕ್ಕಾಲು ಪಾಲನ್ನು ಓಡಿಸಿದ್ದು. ನೀರು ಬೆರೆಸಿದೊಡನೆ ಅದು ಕಳೆದುಕೊಂಡದ್ದನ್ನು ಹೀರಿ, ಬಿಸಿಯೇರುತ್ತ, ಸೂಜಿಯಂಥ ಹರಳುಗಳಾಗಿ ಹೆಣೆದುಕೊಳ್ಳುತ್ತದೆ. ಬಂಡೆಯ ರೂಪ ಅದಕ್ಕೆ ಚೆನ್ನಾಗಿ ಒಪ್ಪುತ್ತದೆ, ನಿಜ. ಆದರೆ ಒಣಗಿದ ಪ್ಲಾಸ್ಟರ್ ಲೀಟರಿಗೆ ಸುಮಾರು 1.1 ಕೆ.ಜಿ. ತೂಗುತ್ತದೆ, ಅಂಚಿಗೆ ಸ್ವಲ್ಪ ತಾಗಿದರೆ ಸಿಡಿಯುತ್ತದೆ. 60 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲದ ಒಂದು ಪುಟ್ಟ ಗುಡ್ಡಕ್ಕೆ ಇಳಿಜಾರುಗಳೆಲ್ಲ ಸೇರಿ ಸುಮಾರು 0.3 ಚದರ ಮೀಟರ್ ಮೇಲ್ಮೈ ಇರುತ್ತದೆ. ಒಂದು ಸೆಂ.ಮೀ. ದಪ್ಪ ಮೆತ್ತಿದರೂ ಮೂರು ಕೆ.ಜಿ. ದಾಟಿತು. ಮೇಜಿನ ಮೇಲೆ ಬಾಗಿ, ಕೈ ಚಾಚಿ, ಸಿಗ್ನಲ್ ಕಂಬಗಳ ನಡುವಿನಿಂದ ಮೂರು ಕೆ.ಜಿ. ಎತ್ತುವುದು ಹೇಳಿದಷ್ಟು ಸುಲಭವಲ್ಲ. ಒಂದೆರಡು ಸಲ ಎತ್ತುತ್ತೇವೆ, ಆಮೇಲೆ ಬಿಟ್ಟುಬಿಡುತ್ತೇವೆ.

ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 2001ರಲ್ಲಿ ತೆರೆದ ‘ಮಿನಿಯೇಚರ್ ವಂಡರ್‌ಲ್ಯಾಂಡ್’ನವರಿಗೆ ಈ ಚಿಂತೆ ಇಲ್ಲ. ಅಲ್ಲಿನ ಆಲ್ಪ್ಸ್ ಪರ್ವತಗಳು ಎಷ್ಟು ದೊಡ್ಡವೆಂದರೆ ಸಿಬ್ಬಂದಿ ಬೆಟ್ಟದ ಒಳಕ್ಕೇ ಹೋಗಿ ಹಳಿ ರಿಪೇರಿ ಮಾಡುತ್ತಾರೆ. ಮನೆಯ ಮೂಲೆಯಲ್ಲಿ ಕಟ್ಟುವವರ ಪಾಲಿಗೆ ಬೆಟ್ಟವೇ ಮೇಲೇಳಬೇಕು.

ಇಲ್ಲಿ ಥರ್ಮಾಕೋಲ್ ನೆರವಿಗೆ ಬರುತ್ತದೆ. ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಮಣಿಗಳನ್ನು ಹಬೆಯಲ್ಲಿ ಉಬ್ಬಿಸಿ ಒಂದಕ್ಕೊಂದು ಅಂಟಿಸಿದ ಹಲಗೆ ಅದು. ಗಾತ್ರದಲ್ಲಿ ನೂರಕ್ಕೆ ಸುಮಾರು 98 ಪಾಲು ಬರೀ ಗಾಳಿ. ಫ್ರಿಜ್, ಟಿ.ವಿ. ಪೆಟ್ಟಿಗೆಗಳಲ್ಲಿ ಬರುವುದು ಲೀಟರಿಗೆ ಸುಮಾರು 20 ಗ್ರಾಂ. ಇನ್ನೊಂದು ಬಗೆ, ಕಟ್ಟಡಗಳ ತಾರಸಿಗೆ ಶಾಖನಿರೋಧಕವಾಗಿ ಹಾಕುವ ಬಣ್ಣದ ಫೋಮ್ ಹಲಗೆ. ಅದರಲ್ಲಿ ಮಣಿಗಳಿಲ್ಲ, ಒಂದೇ ಹದದ ಸೂಕ್ಷ್ಮ ಗುಳ್ಳೆಗಳು. ತೂಕ ಲೀಟರಿಗೆ 30 ಗ್ರಾಂ ಆಸುಪಾಸು. ಚಾಕುವಿನಲ್ಲಿ ಕೆತ್ತಿದರೆ ನುಣುಪಾಗಿ ಬರುತ್ತದೆ, ಅಂಚು ಉದುರುವುದಿಲ್ಲ. ಅದೇ ಗುಡ್ಡವನ್ನು ಈ ಹಲಗೆಗಳ ಅಟ್ಟಿಯಿಂದ ಮಾಡಿ ಒಳಗೆ ಸುರಂಗಕ್ಕಾಗಿ ಕೊರೆದರೆ, ಉಳಿಯುವ 12 ಲೀಟರ್ ಫೋಮ್ 360 ಗ್ರಾಂ ತೂಗುತ್ತದೆ. ಕಾಗದ, ಬಣ್ಣ, ಹುಲ್ಲು, ಮರಗಳ ಭಾರ ಸೇರಿದರೂ ಒಂದು ಕೆ.ಜಿ. ಮುಟ್ಟುವುದಿಲ್ಲ.

ಹಗುರವಾದದ್ದು ಬಾಗಿದರೆ ಏನು ಗತಿ ಎಂದು ಕೇಳಬಹುದು. ಹಲಗೆಯೊಂದರ ಬಾಗದ ಗುಣ ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. ದಪ್ಪ ಮೂರು ಪಟ್ಟಾದರೆ ತೂಕವೂ ಮೂರೇ ಪಟ್ಟು, ಬಿಗುಪು ಮಾತ್ರ 27 ಪಟ್ಟು. ಫೋಮ್‌ನಷ್ಟು ಹಗುರ ವಸ್ತುವಿನಲ್ಲಿ ದಪ್ಪ ಹೆಚ್ಚಿಸಲು ಹಿಂಜರಿಯಬೇಕಿಲ್ಲ. ಇನ್ನೂ ಬಲ ಬೇಕಿದ್ದರೆ ಎರಡೂ ಮುಖಕ್ಕೆ ತೆಳು ಚರ್ಮ ಹೊದಿಸಬೇಕು. ಹಲಗೆ ಬಾಗಲು ಹೊರಟಾಗ ಒಂದು ಮುಖ ಎಳೆಸಿಕೊಳ್ಳುತ್ತದೆ, ಇನ್ನೊಂದು ಒತ್ತಿಸಿಕೊಳ್ಳುತ್ತದೆ. ನಡುವಿನ ಭಾಗಕ್ಕೆ ಆ ಎರಡನ್ನೂ ದೂರ ಹಿಡಿದಿಡುವ ಕೆಲಸವಷ್ಟೇ. 1940ರಲ್ಲಿ ಮೊದಲು ಹಾರಿದ ಬ್ರಿಟನ್ನಿನ ‘ಮಾಸ್ಕಿಟೊ’ ಯುದ್ಧವಿಮಾನದ ಒಡಲು ಹೀಗೇ, ಪ್ಲೈವುಡ್ಡಿನ ಎರಡು ಪದರಗಳ ನಡುವೆ ಹಗುರ ಬಾಲ್ಸಾ ಮರವಿಟ್ಟು ಮಾಡಿದ್ದು. ನಮ್ಮ ಗುಡ್ಡಕ್ಕೆ ಸುದ್ದಿಪತ್ರಿಕೆಯ ಚೂರುಗಳು, ನೀರು ಬೆರೆಸಿದ ಫೆವಿಕಾಲ್ ಸಾಕು. ಚೂರುಗಳನ್ನು ಒಳಮೈಗೂ ಹಚ್ಚಲೇಬೇಕು. ಒದ್ದೆ ಕಾಗದ ಒಣಗುತ್ತ ಕುಗ್ಗುತ್ತದೆ, ಜೊತೆಗೆ ಗೋಂದೂ ಕುಗ್ಗುತ್ತದೆ. ಮೇಲೆ ಮಾತ್ರ ಹಚ್ಚಿದರೆ ಆ ಎಳೆತಕ್ಕೆ ಗುಡ್ಡದ ನಾಲ್ಕೂ ಮೂಲೆ ಮೇಲೆದ್ದು, ಬುಡದಲ್ಲಿ ಸಂದು ಬಾಯಿ ಬಿಡುತ್ತದೆ.

ಫೋಮ್ ಕತ್ತರಿಸಲು ಬಿಸಿ ತಂತಿ ಒಳ್ಳೆಯದು. ನಿಕ್ಕಲ್ ಮತ್ತು ಕ್ರೋಮಿಯಂ ಬೆರೆಸಿದ ನೈಕ್ರೋಮ್ ತಂತಿಗೆ ಕಡಿಮೆ ವೋಲ್ಟೇಜಿನ ವಿದ್ಯುತ್ ಹರಿಸಿದರೆ ಕಾಯುತ್ತದೆ. ಪಾಲಿಸ್ಟೈರೀನ್ 100 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಮೆದುವಾಗುವುದರಿಂದ ತಂತಿ ಕೆಂಪಗಾಗುವ ಅಗತ್ಯವೇ ಇಲ್ಲ. ಕೆಂಪಗೆ ಕಾದರೆ ಪ್ಲಾಸ್ಟಿಕ್ ಒಡೆದು ಸ್ಟೈರೀನ್ ಹೊಗೆ ಬರುತ್ತದೆ, ಅದು ಉಸಿರಾಡುವ ಗಾಳಿಗೆ ಸೇರಬಾರದು. ಕಿಟಕಿ ತೆರೆದಿಡಿ, ತಂತಿಯನ್ನು ನಿಧಾನವಾಗಿ ನಡೆಸಿ. ಮಾದರಿ ಮನೆಗಳೊಳಗೆ ಹಳೇ ಬಗೆಯ ಬಿಸಿ ಬಲ್ಬ್ ಬೇಡ, ಎಲ್‌ಇಡಿ ಇರಲಿ. ಪಾಲಿಸ್ಟೈರೀನ್ ಹೊತ್ತಿಕೊಳ್ಳುವ ವಸ್ತು. ಸ್ಪ್ರೇ ಪೇಂಟ್, ಥಿನ್ನರ್, ಪೆಟ್ರೋಲ್ ಮೂಲದ ಅಂಟುಗಳು ಅದನ್ನು ಕರಗಿಸಿಬಿಡುತ್ತವೆ. ಹಾಗಾಗಿ ನೀರಿನಲ್ಲಿ ಕಲಸುವ ಬಣ್ಣ, ನೀರಿನ ಮೂಲದ ಅಂಟೇ ಆಗಬೇಕು. ಫೆವಿಕಾಲ್ ಬಿಗಿಯುವುದು ಅದರೊಳಗಿನ ನೀರು ಹೊರಹೋದಾಗ. ಎರಡು ಫೋಮ್ ಹಲಗೆಗಳ ನಡುವೆ ಪೂರ್ತಿ ಬಳಿದರೆ ಅಂಚು ಮೊದಲು ಒಣಗಿ ನಡುವಿನ ನೀರಿಗೆ ದಾರಿಯೇ ಇರುವುದಿಲ್ಲ, ವಾರ ಕಳೆದರೂ ಒಳಗೆ ಹಸಿ. ಅಲ್ಲಲ್ಲಿ ಗೆರೆ ಎಳೆದಂತೆ ಹಚ್ಚಿ, ಗೆರೆಗಳ ನಡುವೆ ಗಾಳಿಯಾಡಲು ಬಿಟ್ಟು, ಭಾರ ಹೇರಿ ಇಡುವುದು ಮೇಲು.

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಬೆಟ್ಟ ಕೂರುವ ಬಗೆಯನ್ನು. ನೂರು ಸಲ ಎತ್ತಿಟ್ಟರೂ ಅದು ಕೂದಲೆಳೆಯಷ್ಟೂ ಸರಿಯದೆ ಮೊದಲಿದ್ದಲ್ಲೇ ಕೂರಬೇಕು. ಇಲ್ಲವಾದರೆ ಸುರಂಗದ ಬಾಯಿ ಬೋಗಿಗೆ ಉಜ್ಜುತ್ತದೆ. ನಾಲ್ಕು ಮೂಲೆಗೆ ನಾಲ್ಕು ಗೂಟ ನೆಟ್ಟು ನಾಲ್ಕು ತೂತಿಗೆ ಕೂರಿಸುವುದು ಎಲ್ಲರಿಗೂ ಹೊಳೆಯುವ ಉಪಾಯ. ಆದರೆ ನಾಲ್ಕು ಬಿಂದು ಒಂದೇ ಸಮತಲದಲ್ಲಿ ಬರುವುದು ಅಪರೂಪ, ಒಂದು ಮೂಲೆ ಕುಂಟುತ್ತದೆ. ಹವೆ ಬದಲಾದಾಗ ಗೂಟಗಳು ತೂತಿನಲ್ಲಿ ಕಚ್ಚಿಕೊಳ್ಳುತ್ತವೆ.

19ನೇ ಶತಮಾನದಲ್ಲಿ ಬ್ರಿಟನ್ನಿನ ಭೌತವಿಜ್ಞಾನಿಗಳಾದ ಮ್ಯಾಕ್ಸ್‌ವೆಲ್ ಮತ್ತು ಕೆಲ್ವಿನ್ ತಮ್ಮ ಅಳತೆ ಉಪಕರಣಗಳಿಗಾಗಿ ಇದೇ ಸಮಸ್ಯೆಯನ್ನು ಯೋಚಿಸಿದ್ದರು. ಗಟ್ಟಿ ವಸ್ತುವೊಂದು ಆರು ಬಗೆಯಲ್ಲಿ ಅಲುಗಬಲ್ಲದು: ಮೂರು ದಿಕ್ಕಿಗೆ ಸರಿಯುವುದು, ಮೂರು ಅಕ್ಷಗಳ ಸುತ್ತ ತಿರುಗುವುದು. ಸರಿಯಾಗಿ ಆರನ್ನೇ ತಡೆಯಬೇಕು. ಹೆಚ್ಚು ತಡೆದರೆ ಜಗ್ಗಾಟ, ಕಡಿಮೆ ತಡೆದರೆ ಅಲುಗಾಟ. ಕೆಲ್ವಿನ್ನರ ಹೆಸರಿನ ಜೋಡಣೆಯಲ್ಲಿ ಮೂರು ಗುಂಡು ಪಾದಗಳಿವೆ. ಒಂದು ಕುಳಿಯಲ್ಲಿ, ಇನ್ನೊಂದು ‘ವಿ’ ಆಕಾರದ ತೋಡಿನಲ್ಲಿ, ಮೂರನೆಯದು ಬರೀ ಸಪಾಟು ತಗಡಿನ ಮೇಲೆ ಕೂರುತ್ತದೆ. ಕುಳಿ ಮೂರು ಚಲನೆಗಳನ್ನು ಹಿಡಿಯುತ್ತದೆ, ತೋಡು ಎರಡನ್ನು, ತಗಡು ಒಂದನ್ನು.

ಇದನ್ನು ಮನೆಯಲ್ಲಿ ಮಾಡಲು ದುಬಾರಿ ಸಾಮಾನು ಬೇಡ. ಗುಡ್ಡದ ತಳಕ್ಕೆ ಪ್ಲೈವುಡ್ ಪಟ್ಟಿ ಅಂಟಿಸಿ, ಅದಕ್ಕೆ ಗುಂಡು ತಲೆಯ ಮೂರು ಸ್ಕ್ರೂಗಳನ್ನು ದೂರ ದೂರ ತಿರುಗಿಸಿ. ಕೆಳಗಿನ ಹಲಗೆಯಲ್ಲಿ ಒಂದು ತಲೆಗೆ ಕುಳಿ, ಇನ್ನೊಂದಕ್ಕೆ ಉದ್ದನೆಯ ತೋಡು ತೆಗೆಯಿರಿ, ಮೂರನೆಯದರ ಕೆಳಗೆ ಒಂದು ತಗಡು ಇಡಿ. ತೋಡಿನ ಉದ್ದ ಕುಳಿಯ ಕಡೆಗೇ ಮುಖ ಮಾಡಿರಬೇಕು. ಕಾರಣವಿದೆ. ಒಂದು ಮೀಟರ್ ಉದ್ದದ ಪಾಲಿಸ್ಟೈರೀನ್ ಫೋಮ್, ತಾಪ 20 ಡಿಗ್ರಿ ಏರಿದರೆ ಸುಮಾರು 1.4 ಮಿ.ಮೀ. ಹಿಗ್ಗುತ್ತದೆ. ಪ್ಲೈವುಡ್ ಅಷ್ಟು ಹಿಗ್ಗುವುದಿಲ್ಲ. ತೋಡು ಕುಳಿಯತ್ತ ನೇರವಾಗಿದ್ದರೆ ಹಿಗ್ಗಿದ ಗುಡ್ಡ ಅದರುದ್ದಕ್ಕೂ ಸಲೀಸಾಗಿ ಜಾರುತ್ತದೆ, ಸೊಟ್ಟಗಾಗುವುದಿಲ್ಲ. ಸುರಂಗದ ಬಾಯಿಯ ಹತ್ತಿರ ಕುಳಿ ಬರಲಿ, ಅಲ್ಲೇ ನಿಖರತೆ ಹೆಚ್ಚು ಬೇಕಾದದ್ದು. ಗುಡ್ಡ ಬೇರೆಲ್ಲೂ ಹಳಿಯ ಹಾಸಿಗೆಗೆ ತಾಗದಿರಲಿ. ಹಗುರವೂ ಬಿಗಿಯೂ ಆದ ತಟ್ಟೆ ಧ್ವನಿವರ್ಧಕದ ಹಾಗೆ ಸದ್ದನ್ನು ಹೊರಗೆ ಹಾಕುತ್ತದೆ, ಚಕ್ರದ ಗಡಗಡ ಇಡೀ ಬೆಟ್ಟದಿಂದ ಕೇಳಿಸುತ್ತದೆ.

ಇನ್ನುಳಿದದ್ದು ಸಂದು. ಗೆರೆ ಕಂಡರೆ ನೋಡುವವರ ಕಣ್ಣು ಅಲ್ಲೇ ನೆಡುತ್ತದೆ. ನೆಲದಲ್ಲಿ ಸಹಜವಾಗಿ ಗೆರೆ ಇರುವ ಕಡೆಯೇ ಸಂದನ್ನೂ ತರುವುದು ಜಾಣತನ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಘಟ್ಟದ ದಾರಿಯನ್ನೇ ನೋಡಿ. ಸುಮಾರು 55 ಕಿ.ಮೀ.ಯಲ್ಲಿ 57 ಸುರಂಗ, 109 ಸೇತುವೆ. ಎಚ್‌ಒ ಎಂಬ 1:87ರ ಅಳತೆಯಲ್ಲಿ ಪೂರ್ತಿ ಕಟ್ಟಿದರೆ 632 ಮೀಟರ್ ಬೇಕು. ಯಾರೇ ಆದರೂ ಒಂದು ಸುರಂಗ, ಒಂದು ಸೇತುವೆ ಆರಿಸಿಕೊಳ್ಳಬೇಕಷ್ಟೆ. ಅಲ್ಲಿ ಹಳಿಯ ಪಕ್ಕದ ಚರಂಡಿ ಇದೆ, ಮಣ್ಣು ಜಾರದಂತೆ ಕಟ್ಟಿದ ಕಲ್ಲಿನ ಗೋಡೆಯ ಬುಡವಿದೆ, ಮಳೆಗಾಲದ ತೊರೆ ಕೊರೆದ ಸೀಳಿದೆ, ಬಂಡೆಯ ಪದರುಗಳ ಅಂಚಿದೆ. ಸಂದು ಇವುಗಳೊಳಗೆ ಇಳಿದರೆ ಕಾಣದು. ಹುಲ್ಲುಗಾವಲಿನ ನಡುವೆ ನೇರವಾಗಿ ಹಾಯ್ದರೆ ಎಷ್ಟು ಹಸಿರು ಸುರಿದರೂ ಮುಚ್ಚುವುದಿಲ್ಲ. ಘಟ್ಟದ ಕಾಡು ಮಾಡುವವರು ಇನ್ನೊಂದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 30 ಮೀಟರ್ ಎತ್ತರದ ಮರ ಈ ಅಳತೆಯಲ್ಲಿ 34 ಸೆಂ.ಮೀ. ಆಗುತ್ತದೆ. ಗುಡ್ಡದ ಎರಡು ಬದಿಗೂ ಕೈ ಹಿಡಿಯಲು ಬೋಳು ಬಂಡೆ ಬಿಡದಿದ್ದರೆ ಮರಗಳನ್ನೇ ಹಿಡಿದು ಎತ್ತಬೇಕಾಗುತ್ತದೆ.

ಅಂಚುಗಳು ಒಂದಕ್ಕೊಂದು ಹೊಂದುವಂತೆ ಮಾಡಲು ಅಡುಗೆಮನೆಯಲ್ಲಿ ಪಾತ್ರೆಗೆ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆ ಸಾಕು. ಮೊದಲು ಕದಲದ ನೆಲದ ಅಂಚನ್ನು ಪೂರ್ತಿ ಮುಗಿಸಿ ಒಣಗಿಸಬೇಕು. ಅದರ ಮೇಲೆ ಹಾಳೆಯನ್ನು ಸುಕ್ಕಿಲ್ಲದಂತೆ ಹಾಸಿ ಗುಡ್ಡವನ್ನು ಅದರ ಜಾಗದಲ್ಲಿ ಕೂರಿಸಬೇಕು. ಕಾಗದದ ತಿರುಳು, ಗೋಂದು, ಚಿಟಿಕೆ ಮಣ್ಣು ಕಲಸಿದ ಮುದ್ದೆಯನ್ನು ಗುಡ್ಡದ ಬುಡಕ್ಕೆ, ಹಾಳೆಗೆ ಒತ್ತಿ ತುಂಬಬೇಕು. ಬಿಗಿದ ಮೇಲೆ ಗುಡ್ಡ ಎತ್ತಿದರೆ ಅಂಟು ಹಾಳೆಗೆ ಹಿಡಿದಿರುವುದಿಲ್ಲ. ಗುಡ್ಡದ ಅಂಚು ನೆಲದ ಅಂಚಿನ ಪಡಿಯಚ್ಚಾಗಿ, ಹಾಳೆಯ ದಪ್ಪದಷ್ಟೇ ಬಿಡುವಿನಲ್ಲಿ ಕೂರುತ್ತದೆ. ಉದ್ದದ ಬೆಟ್ಟವಾದರೆ ಹಿಗ್ಗುವಿಕೆಗೆಂದು ಕುಳಿಯಿಂದ ದೂರದ ತುದಿಯಲ್ಲಿ ಹಾಳೆಯನ್ನು ನಾಲ್ಕಾರು ಮಡಿಕೆ ಹಾಕಿ ದಪ್ಪ ಮಾಡಿಕೊಳ್ಳಬೇಕು.

ಹುಲ್ಲಿನ ಕೆಲಸ ಕೊನೆಗೆ. ನೈಲಾನ್ ಎಳೆಗಳನ್ನು ಉಪಕರಣದ ಜಾಲರಿಯಿಂದ ಉದುರಿಸುವಾಗ, ಜಾಲರಿ ಮತ್ತು ಗೋಂದು ಹಚ್ಚಿದ ನೆಲದ ನಡುವೆ ಸಾವಿರಾರು ವೋಲ್ಟಿನ ಸ್ಥಿರವಿದ್ಯುತ್ ಇರುತ್ತದೆ. ಎಳೆಗಳು ಆ ಕ್ಷೇತ್ರದ ದಿಕ್ಕಿಗೆ ಹೊರಳಿ ನೆಟ್ಟಗೆ ನಾಟಿಕೊಳ್ಳುತ್ತವೆ. ಮಣ್ಣು, ಜಲ್ಲಿ ಅಂಟಿಸಲು ನೀರು ಬೆರೆಸಿದ ಫೆವಿಕಾಲಿಗೆ ಪಾತ್ರೆ ತೊಳೆಯುವ ಲಿಕ್ವಿಡ್‌ನ ಒಂದು ಹನಿ ಹಾಕಿ. ನೀರಿನ ಮೇಲ್ಮೈ ಎಳೆತ ತಗ್ಗಿ, ಹನಿ ಮಣಿಯಂತೆ ನಿಲ್ಲದೆ ಪುಡಿಯೊಳಗೆ ಇಳಿಯುತ್ತದೆ. ಸಂದಿನ ಗೆರೆಯ ಮೇಲೆ ಎರಡು ಕಡೆಯಿಂದಲೂ ಪೊದೆ ಚಾಚಿರಲಿ, ಪ್ರತಿ ಪೊದೆಯ ಅಂಟು ಒಂದೇ ಕಡೆಗಿರಲಿ.

ಕೆಲಸ ಶುರುಮಾಡುವವರಿಗೆ ನನ್ನದೊಂದು ಕೋರಿಕೆ. ಮೊದಲು ಹಳಿ ಹಾಕಿ, ಬೆಟ್ಟವಿಲ್ಲದೆ ಕೆಲವು ವಾರ ರೈಲು ಓಡಿಸಿ, ತೊಂದರೆ ಕೊಡುವ ಜಾಗಗಳನ್ನು ಗುರುತಿಸಿಕೊಳ್ಳಿ. ಆಮೇಲೆ ಫ್ರಿಜ್ ಪೆಟ್ಟಿಗೆಯ ಥರ್ಮಾಕೋಲ್ ಎಸೆಯದೆ, ಅದರಲ್ಲೇ ಒಂದು ಸಣ್ಣ ಗುಡ್ಡ ಮಾಡಿ ಮೂರು ಸ್ಕ್ರೂಗಳ ಮೇಲೆ ಕೂರಿಸಿ ನೋಡಿ. ಅದು ಸಲೀಸಾಗಿ ಎದ್ದು, ಇಟ್ಟಲ್ಲೇ ಮತ್ತೆ ಕೂತರೆ ದೊಡ್ಡ ಬೆಟ್ಟಕ್ಕೆ ಕೈಹಾಕಿ.