ಕಾಣುವ ದೋಷ, ಕಾಣದ ದೋಷ: ನೆಟ್‌ವರ್ಕ್ ನಿಗಾ ತಂತ್ರಾಂಶವನ್ನು ಸೋರ್ಸ್‌ನಿಂದ ಕಟ್ಟುವಾಗ

ಗೋವಾದ ಸಾಂಕೋಲೆಯಿಂದ, ಝುವಾರಿನಗರದಿಂದ ಮಾತಾಡ್ತಾ ಇದ್ದೇನೆ. ಹೊರಗೆ ಜೋರು ಮಳೆ, ನಡುವೆ ದನಿ ನಿಂತರೆ ಸ್ವಲ್ಪ ತಾಳ್ಕೊಳ್ಳಿ. ಇವತ್ತಿನ ವಿಷಯ ಕಂಪೈಲ್ ದೋಷಗಳು. ಉದಾಹರಣೆಗೆ ನಾಗಿಯೋಸ್ ಮತ್ತು ಅದರ ಪ್ಲಗಿನ್‌ಗಳನ್ನು ತಗೊಳ್ತೇನೆ. ಈಥನ್ ಗಾಲ್‌ಸ್ಟಾಡ್ ಅವರು 1999ರಲ್ಲಿ ನೆಟ್‌ಸೇಂಟ್ ಹೆಸರಿನಲ್ಲಿ ಹೊರತಂದ ತಂತ್ರಾಂಶವೇ ಮುಂದೆ 2002ರಲ್ಲಿ ನಾಗಿಯೋಸ್ ಆಯಿತು. ಸರ್ವರ್, ಸ್ವಿಚ್, ಯುಪಿಎಸ್ ಸರಿಯಾಗಿವೆಯೇ ಎಂದು ಆಗಾಗ ನೋಡಿ, ಕೆಟ್ಟರೆ ನಮಗೆ ಸುದ್ದಿ ಮುಟ್ಟಿಸುವುದು ಅದರ ಕೆಲಸ.

ಮೊದಲೇ ಒಂದು ಮಾತು. ನಿಮ್ಮ ಲಿನಕ್ಸ್ ಕೊಡುವ ಪ್ಯಾಕೇಜ್ ಸಾಕಾದರೆ ಅದನ್ನೇ ಹಾಕಿ. ಹೊಸ ಆವೃತ್ತಿ ಬೇಕು, ಅಥವಾ ಪ್ಯಾಕೇಜ್‌ನಲ್ಲಿ ಇಲ್ಲದ ಸೌಲಭ್ಯ ಬೇಕು ಅಂದಾಗ ಮಾತ್ರ ಸೋರ್ಸ್‌ಗೆ ಇಳಿಯಬೇಕು. ಇಳಿದ ಮೇಲೆ ಹಂತ ಮೂರು: ಕಾನ್ಫಿಗರ್, ಕಂಪೈಲ್, ಲಿಂಕ್. ದೋಷ ಯಾವ ಹಂತದ್ದು ಅಂತ ಗುರುತಿಸಿದರೆ ಅರ್ಧ ಕೆಲಸ ಮುಗೀತು.

ಕಂಪೈಲ್ ಹಂತದಲ್ಲಿ ಹೆಚ್ಚು ಕಾಣುವುದು "ಹೆಡರ್ ಕಡತ ಸಿಗಲಿಲ್ಲ" ಎನ್ನುವ ದೋಷ. "ಲೈಬ್ರರಿ ಇದೆಯಲ್ಲ, ಮತ್ಯಾಕೆ?" ಅಂತ ಹೊಸಬರು ಕೇಳ್ತಾರೆ. ಲೈಬ್ರರಿಯನ್ನು ಓಡಿಸಲು ಬೇಕಾದ ಕಡತ ಬೇರೆ, ಅದನ್ನು ಬಳಸಿ ಹೊಸದನ್ನು ಕಟ್ಟಲು ಬೇಕಾದ ಹೆಡರ್ ಬೇರೆ. ಡೆಬಿಯನ್, ಉಬುಂಟುಗಳಲ್ಲಿ ಹೆಡರ್ ಇರುವ ಪ್ಯಾಕೇಜ್‌ನ ಹೆಸರು "ಡೆವ್" ಎಂದು, ಫೆಡೋರಾದಲ್ಲಿ "ಡೆವೆಲ್" ಎಂದು ಮುಗಿಯುತ್ತದೆ. ಅದನ್ನು ಹಾಕಿ, ಕಾನ್ಫಿಗರ್ ಮತ್ತೆ ಓಡಿಸಿ. ಇನ್ನು ಲಿಂಕ್ ಹಂತದಲ್ಲಿ "ಅನ್‌ಡಿಫೈನ್ಡ್ ರೆಫರೆನ್ಸ್" ಬಂದರೆ, ಹೆಡರ್ ಸಿಕ್ಕಿದೆ, ಆದರೆ ಆ ಫಂಕ್ಷನ್ ಇರುವ ಲೈಬ್ರರಿ ಲಿಂಕರ್‌ಗೆ ಸಿಕ್ಕಿಲ್ಲ ಅಂತ ಅರ್ಥ.

ಪರದೆ ಮೇಲೆ ಇನ್ನೂರು ಸಾಲು ದೋಷ ಬಂದರೆ ಗಾಬರಿ ಬೇಡ. ಕೊನೆಯದನ್ನಲ್ಲ, ಮೊದಲನೆಯದನ್ನು ಓದಿ. ಎಷ್ಟೋ ಸಲ ಉಳಿದವೆಲ್ಲ ಅದರ ಮರಿಗಳು.

ಎರಡನೆಯ ಬಗೆ, ಹಳೆಯ ಕೋಡ್ ಮತ್ತು ಹೊಸ ಕಂಪೈಲರ್ ನಡುವಿನ ಜಗಳ. 2020ರಲ್ಲಿ ಬಂದ ಜಿಸಿಸಿ 10ನೇ ಆವೃತ್ತಿಯಿಂದ "ಮಲ್ಟಿಪಲ್ ಡೆಫಿನಿಷನ್" ದೋಷ ಹೆಚ್ಚಾಗಿ ಕಾಣತೊಡಗಿತು. ಹೆಡರ್‌ನಲ್ಲಿ "ಎಕ್ಸ್‌ಟರ್ನ್" ಬರೆಯದೆ ಗ್ಲೋಬಲ್ ವೇರಿಯಬಲ್ ಇಟ್ಟರೆ, ಹಿಂದೆ ಅದರ ಪ್ರತಿಗಳೆಲ್ಲ ಸದ್ದಿಲ್ಲದೆ ಒಂದಾಗುತ್ತಿದ್ದವು. ಈಗ ಆಗುವುದಿಲ್ಲ. "ಎಫ್‌ಕಾಮನ್" ಆಯ್ಕೆ ಕೊಟ್ಟರೆ ಹಳೆಯ ನಡವಳಿಕೆ ಮರಳುತ್ತದೆ. ಆದರೆ ಸರಿಯಾದ ಮದ್ದು, ಹೆಡರ್‌ನಲ್ಲಿ "ಎಕ್ಸ್‌ಟರ್ನ್" ಹಾಕಿ ಒಂದೇ ಒಂದು ಸಿ ಕಡತದಲ್ಲಿ ವೇರಿಯಬಲ್ ಇಡುವುದು.

2024ರ ಜಿಸಿಸಿ 14 ಇನ್ನೂ ಕಟ್ಟುನಿಟ್ಟು. ಘೋಷಿಸದ ಫಂಕ್ಷನ್ ಕರೆದರೆ ಹಿಂದೆ ಬರೀ ಎಚ್ಚರಿಕೆ ಕೊಡುತ್ತಿತ್ತು, ಈಗ ದೋಷ ಎಂದೇ ನಿಲ್ಲಿಸುತ್ತದೆ. ಇದು ಕಿರಿಕಿರಿ ಅಲ್ಲ, ಉಪಕಾರ. ಘೋಷಣೆ ಇಲ್ಲದಾಗ ಫಂಕ್ಷನ್ "ಇಂಟ್" ಕೊಡುತ್ತದೆ ಎಂದು ಕಂಪೈಲರ್ ಊಹಿಸುತ್ತಿತ್ತು. ನಿಜಕ್ಕೂ ಅದು ಪಾಯಿಂಟರ್ ಕೊಡುವುದಾದರೆ, 64 ಬಿಟ್ ಯಂತ್ರದಲ್ಲಿ ಆ ವಿಳಾಸದ ಅರ್ಧ, ಅಂದರೆ 32 ಬಿಟ್, ಕತ್ತರಿಸಿ ಹೋಗುತ್ತದೆ. ಎಚ್ಚರಿಕೆಯ ಬಾಯಿ ಮುಚ್ಚಿಸಿ ಕಟ್ಟಿದ ಪ್ರೋಗ್ರಾಂ ಹಗಲಲ್ಲಿ ಓಡಿ, ನಡುರಾತ್ರಿ ಬೀಳಬಹುದು. ಬೇಕಾದ ಹೆಡರ್ ಸೇರಿಸಿದರೆ ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಸರಿಹೋಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರ್ತೇನೆ. ಇಷ್ಟು ಹೊತ್ತು ಹೇಳಿದ್ದು ಕಾಣುವ ದೋಷ. ನನಗೆ ಪೆಟ್ಟು ಕೊಟ್ಟದ್ದು ಕಾಣದ ದೋಷ.

ಇಲ್ಲೇ ಹತ್ತಿರದ ಒಂದು ಸಣ್ಣ ಕಚೇರಿಗೆ ನಾನೇ ಪ್ಲಗಿನ್‌ಗಳನ್ನು ಕಟ್ಟಿಕೊಟ್ಟಿದ್ದೆ. ಒಂದೂ ದೋಷ ಬರಲಿಲ್ಲ, ಖುಷಿಯಾಗಿತ್ತು. ಆದರೆ ಎಸ್‌ಎನ್‌ಎಂಪಿ ಮೂಲಕ ಉಪಕರಣದ ಒಳಸ್ಥಿತಿ ಕೇಳುವ ಪ್ಲಗಿನ್‌ಗೆ "ಎಸ್‌ಎನ್‌ಎಂಪಿ ಗೆಟ್" ಎಂಬ ಆದೇಶ ಯಂತ್ರದಲ್ಲಿ ಇರಬೇಕು. ಇಲ್ಲದಿದ್ದರೆ ಕಾನ್ಫಿಗರ್ ಒಂದು ಸಾಲಿನ ಸೂಚನೆ ಕೊಟ್ಟು, ಆ ಪ್ಲಗಿನ್ ಬಿಟ್ಟು, ಉಳಿದದ್ದನ್ನು ಕಟ್ಟಿ ಮುಗಿಸುತ್ತದೆ. ಆ ಸಾಲು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಆಮೇಲೆ ಪ್ಲಗಿನ್ ಕಾಣದಾಗ "ಸದ್ಯಕ್ಕೆ ಪಿಂಗ್ ಸಾಕು" ಅಂದುಕೊಂಡೆ. ಮಳೆಗಾಲದಲ್ಲಿ ಕರೆಂಟ್ ಹೋದ ದಿನ ಯುಪಿಎಸ್ ಬ್ಯಾಟರಿ ಸತ್ತೇ ಹೋಗಿತ್ತು. ಅಲ್ಲಿಯವರೆಗೂ ಯುಪಿಎಸ್ ಪಿಂಗ್‌ಗೆ ಉತ್ತರ ಕೊಡ್ತಾನೇ ಇತ್ತು, ಪರದೆ ಹಸಿರಾಗೇ ಇತ್ತು. ಸರ್ವರ್ ಒಮ್ಮೆಲೇ ನಿಂತು, ಅವರ ಒಂದು ದಿನದ ಲೆಕ್ಕ ಹಾಳಾಯಿತು. ಆ ತಪ್ಪು ನನ್ನದೇ.

ಓಪನ್‌ಎಸ್‌ಎಸ್‌ಎಲ್ ಹೆಡರ್ ಇಲ್ಲದಿದ್ದರೂ ಹೀಗೇ. ಎಚ್‌ಟಿಟಿಪಿ ಪ್ಲಗಿನ್ ತಯಾರಾಗುತ್ತದೆ, ಆದರೆ ಅದಕ್ಕೆ ಪ್ರಮಾಣಪತ್ರದ ಅವಧಿ ನೋಡಲು ಬರುವುದಿಲ್ಲ.

ಆದ್ದರಿಂದ ಮೂರು ಅಭ್ಯಾಸ ಇಟ್ಟುಕೊಳ್ಳಿ. ಒಂದು, ಕಾನ್ಫಿಗರ್ ಕೊನೆಯಲ್ಲಿ ಕೊಡುವ ಸಾರಾಂಶ ಓದಿ. ಪೂರ್ತಿ ವಿವರ "ಕಾನ್ಫಿಗ್ ಲಾಗ್" ಕಡತದಲ್ಲಿ ಇರುತ್ತದೆ. ಎರಡು, ಬೇಕಾದ ಪ್ಲಗಿನ್‌ಗಳ ಪಟ್ಟಿ ಮೊದಲೇ ಬರೆದಿಟ್ಟು, ಕಟ್ಟಿದ ಮೇಲೆ ಒಂದೊಂದಾಗಿ ತಾಳೆ ನೋಡಿ. ಮೂರು, ಬೇಕೆಂದೇ ಒಂದು ತಂತಿ ಕಿತ್ತು, ಎಚ್ಚರಿಕೆ ಬರುತ್ತದೆಯೇ ಪರೀಕ್ಷಿಸಿ.

ಚರ್ಚೆಯಲ್ಲಿ ಒಬ್ಬರು ಕೇಳಿದರು: "ಸರ್, ಗಡುವು ಹತ್ತಿರ ಇದ್ದಾಗ ಎಫ್‌ಕಾಮನ್ ಹಾಕಿ ಮುಗಿಸಿದರೆ ತಪ್ಪಾ?" ತಪ್ಪಲ್ಲ. ಆದರೆ ಹಾಕಿದ್ದು ಯಾಕೆ ಅಂತ ಕಟ್ಟುವ ಸ್ಕ್ರಿಪ್ಟ್‌ನಲ್ಲೇ ಬರೆದಿಡಿ, ನಿಮ್ಮ ನಂತರ ಬರುವವರಿಗೆ ತಿಳಿಯಲಿ. ನಿಗಾ ತಂತ್ರಾಂಶದ ಮಾತನ್ನು ಜನ ನಂಬಿ ಮಲಗ್ತಾರೆ. ಅದು ಸುಮ್ಮನಿದೆ ಅಂದರೆ ಎಲ್ಲ ಸರಿಯಿದೆ ಅಂತಲೇ ಅವರ ಲೆಕ್ಕ.